ಪೊರೆಯುತ್ತದೆ ಎಂಬ ಕ್ರಿಯಾಪದ

ಮಾರ್ಚ್ ೩, ಸೋಮವಾರ

ಪತ್ರಿಕೆಯವರು ನನ್ನ ನಾಮಪದವನ್ನು ಹಿಡಿದು ಕ್ರಿಯಾಪದ ಮಾಡಿಬಿಟ್ಟಿದ್ದಾರೆ. ನಾನು ಬರೆದು ಕಳಿಸಿದ್ದು: "ಈರುಳ್ಳಿ ಸಿಪ್ಪೆಯಲ್ಲಿರುವ ಈ ವಸ್ತು ಜೀವಕೋಶದ ಪೊರೆಯಲ್ಲಿ ಸೇರಿಕೊಳ್ಳುತ್ತದೆ." ಅಚ್ಚಾಗಿರುವುದು: "ಈರುಳ್ಳಿ ಸಿಪ್ಪೆಯಲ್ಲಿರುವ ಈ ವಸ್ತು ಜೀವಕೋಶವನ್ನು ಪೊರೆಯುತ್ತದೆ." ಮೇಲೆ ದಪ್ಪಕ್ಷರದಲ್ಲಿ ತಲೆಬರಹ: "ಸಕ್ಕರೆ ಕಾಯಿಲೆಯವರನ್ನು ಪೊರೆವ ಈರುಳ್ಳಿ ಸಿಪ್ಪೆ". ಅಯ್ಯೋ ಪುಣ್ಯಾತ್ಮರೇ, ಪೊರೆ ಎಂದರೆ ಕೋಶದ ಸುತ್ತ ಇರುವ ತೆಳ್ಳನೆಯ ಪದರ. ಪೊರೆಯುವುದು ಎಂದರೆ ಸಾಕಿ ಸಲಹುವುದು. ಒಂದು ಪ್ರತ್ಯಯ ಆಚೀಚೆ ಆಗಿದ್ದಕ್ಕೆ ಸಿಪ್ಪೆಗೆ ತಾಯ್ತನ ಬಂದುಬಿಟ್ಟಿದೆ.

ಲ್ಯಾಬಿನಲ್ಲಿ ನಡೆದದ್ದು ಇಷ್ಟೇ. ತಟ್ಟೆಯಲ್ಲಿ ಬೆಳೆಸಿದ ಕೊಬ್ಬಿನ ಕೋಶಗಳಿವೆ. ಇನ್ಸುಲಿನ್ ಬಂದು ಪೊರೆಯಲ್ಲಿರುವ ಬಾಗಿಲು ತಟ್ಟುತ್ತದೆ, ಒಳಗೆ ಸುದ್ದಿ ಮುಟ್ಟುತ್ತದೆ, ಕೋಶ ಸಕ್ಕರೆಯನ್ನು ಒಳಗೆಳೆದುಕೊಳ್ಳುತ್ತದೆ. ಸುದ್ದಿ ಮುಟ್ಟಿದರೆ ನಮ್ಮ ಪರೀಕ್ಷೆಯ ಎಕ್ಸ್-ರೇ ಫಿಲ್ಮಿನ ಮೇಲೆ ಕಪ್ಪು ಪಟ್ಟಿ ಮೂಡುತ್ತದೆ. ಕಾಯಿಲೆ ಬಿದ್ದ ಕೋಶಗಳಿಗೆ ಕಿವಿ ಮಂದ. ಎಷ್ಟು ತಟ್ಟಿದರೂ ಪಟ್ಟಿ ಮಾಸಲು. ಸಿಪ್ಪೆಯ ವಸ್ತು ಹಾಕಿದಾಗ ಪಟ್ಟಿ ಕಪ್ಪಾಯಿತು. ಇಲಿಗೂ ಕೊಟ್ಟು ನೋಡಿಲ್ಲ, ಮನುಷ್ಯರ ಮಾತು ದೂರವೇ ಉಳಿಯಿತು.

ಸಂಪಾದಕರಿಗೆ ಖಾರವಾಗಿ ಒಂದು ತಿದ್ದುಪಡಿ ಬರೆದು ಲಕೋಟೆಗೆ ಹಾಕಿದ್ದೇನೆ. ನಾಳೆ ಪೋಸ್ಟ್ ಮಾಡಬೇಕು. ಗೇಟಿನ ಕಾವಲುಗಾರ ಮಾತ್ರ "ಮೇಡಂ, ನಿಮ್ಮ ಸಿಪ್ಪೆ ಪೇಪರಲ್ಲಿ ಬಂದಿದೆ" ಅಂದ. ಇಡೀ ದಿನದಲ್ಲಿ ಕೆಲಸದ ಮಾತು ಬಿಟ್ಟು ಬೇರೆ ಮಾತಾಡಿದವನು ಅವನೊಬ್ಬನೇ.

ಮಾರ್ಚ್ ೪, ಮಂಗಳವಾರ

ಬೆಳಗ್ಗೆ ಏಳಕ್ಕೆ ಫೋನು. ಅಕ್ಕ! ಎರಡು ವರ್ಷ ನಾಲ್ಕು ತಿಂಗಳ ಮೇಲೆ. ಹಲ್ಲುಜ್ಜುತ್ತಿದ್ದವಳು ಬಾಯಲ್ಲಿ ನೊರೆ ಇಟ್ಟುಕೊಂಡೇ ಹಲೋ ಅಂದೆ.

"ಪುಟ್ಟೀ, ಪೇಪರ್ ನೋಡ್ದೆ ಕಣೇ. ನಾಲ್ಕು ಸಲ ಓದ್ದೆ. ಪೊರೆಯುತ್ತದೆ ಅಂತ ಬರ್ದಿದೀಯಲ್ಲ, ಎಷ್ಟು ಚೆನ್ನಾಗಿದೆ ಆ ಮಾತು! ಅಮ್ಮನ ಬಾಯಲ್ಲಿ ಕೇಳಿದ್ದು. ಆಮೇಲೆ ಎಲ್ಲೂ ಕೇಳಿರ್ಲಿಲ್ಲ."

ಐವತ್ತೊಂದು ವರ್ಷದ ನನ್ನನ್ನು ಪುಟ್ಟಿ ಎನ್ನುವ ಜೀವ ಈ ಭೂಮಿಯ ಮೇಲೆ ಒಂದೇ ಒಂದು. ಅದನ್ನು ನಾನು ಬರೆದಿಲ್ಲ ಅಕ್ಕ, ಎನ್ನಬೇಕಿತ್ತು. "ಹೌದಾ? ನೀನು ಹೇಗಿದೀಯಾ?" ಎಂದೆ.

"ಚೆನ್ನಾಗಿದೀನಿ" ಅಂದಳು. ಅವಳು ಯಾವಾಗಲೂ ಅಷ್ಟೇ ಹೇಳುವುದು.

ಭಾವ ಹೋದ ದಿನ ನಾನು ಹೋಗಲಿಲ್ಲ. ಕೊಬ್ಬಿನ ಕೋಶಗಳು ಬಲಿಯಲು ಹನ್ನೆರಡು ದಿನ ಬೇಕು, ಅವತ್ತು ಹನ್ನೆರಡನೇ ದಿನ. ಮೂರನೇ ದಿನ ಹೋದಾಗ ಅಕ್ಕ ಬಾಗಿಲಲ್ಲೇ ನಿಂತು "ಕೋಶಗಳ ಊಟ ಆಯ್ತಾ?" ಎಂದು ಕೇಳಿದಳು. ಅಷ್ಟೇ. ಅಲ್ಲಿಂದ ಮಾತಿಲ್ಲ ಕಥೆಯಿಲ್ಲ. ಅಮ್ಮ ಹೋದ ಮೇಲೆ ಹೊಲಿಗೆ ಮಷೀನು ತುಳಿದು ತುಳಿದು ನನ್ನನ್ನು ಓದಿಸಿದವಳು ಅವಳು. ನಾನು ಅವಳ ಕಣ್ಣಲ್ಲಿ ಆ ಬಾಗಿಲ ಬಳಿಯೇ ನಿಂತುಬಿಟ್ಟಿದ್ದೆ.

ಲಕೋಟೆ ಚೀಲದಲ್ಲೇ ಇದೆ.

ಮಾರ್ಚ್ ೯, ಭಾನುವಾರ

ಐದು ದಿನದಿಂದ ದಿನಾ ಏಳಕ್ಕೆ ಸರಿಯಾಗಿ ಫೋನು. ಆರೂವರೆಗೇ ಮುಖ ತೊಳೆದು, ತಲೆ ಬಾಚಿ ಕೂತಿರುತ್ತೇನೆ. ಫೋನಿನಲ್ಲಿ ತಲೆ ಕಾಣುವುದಿಲ್ಲ ಎಂದು ಗೊತ್ತಿದ್ದೂ.

ಅಕ್ಕ ಸಿಪ್ಪೆ ಕುದಿಸಿ ಕುಡಿಯುತ್ತಿದ್ದಾಳಂತೆ. "ಬಣ್ಣ ನೋಡ್ಬೇಕು ನೀನು, ಬಟ್ಟೆಗೆ ಹಾಕಿದ್ರೆ ಬಣ್ಣ ಹಿಡಿಯತ್ತೆ, ಅಂಥಾ ಕೆಂಪು. ವಾಸನೆ ಮಾತ್ರ ದೇವರಿಗೇ ಪ್ರೀತಿ." ಹನ್ನೆರಡು ವರ್ಷದಿಂದ ಬೆಳಗ್ಗೆ ಸಂಜೆ ಇನ್ಸುಲಿನ್ ಚುಚ್ಚಿಕೊಳ್ಳುವವಳು. ಇಂಜೆಕ್ಷನ್ ಬಿಡಬೇಡ ಎಂದೆ. "ಬಿಡ್ತೀನಾ? ಜೊತೆಗೆ ಇದೂ ಇರ್ಲಿ ಅಂತ" ಎಂದಳು. ಸಿಪ್ಪೆ ನೀರಿನಿಂದ ಯಾರಿಗೂ ಕೆಡುಕಾಗಿದ್ದು ಕೇಳಿಲ್ಲ. ಇರಲಿ.

ಬೆಳಗಿನ ಸಕ್ಕರೆ ೧೯೦. ಬರೆದಿಟ್ಟುಕೊಂಡೆ.

ಮಾರ್ಚ್ ೧೭, ಸೋಮವಾರ

೧೯೦, ೧೮೪, ೧೮೦, ೧೭೪. ಅಕ್ಕ ಹೇಳುವುದು, ನಾನು ಬರೆಯುವುದು. ಲ್ಯಾಬಿನ ಚೌಕುಳಿ ಹಾಳೆಯಲ್ಲಿ ಚುಕ್ಕೆ ಇಟ್ಟು ಗೆರೆ ಎಳೆದೆ. ಮೆಟ್ಟಿಲಿಳಿದ ಹಾಗೆ ಇಳಿಯುತ್ತಿದೆ. ಒಬ್ಬ ಹೆಂಗಸಿನ ಸಂಖ್ಯೆ, ಅದಕ್ಕೆ ವಿಜ್ಞಾನದಲ್ಲಿ ಮೂರು ಕಾಸಿನ ಬೆಲೆಯಿಲ್ಲ, ಗೊತ್ತು. ಆದರೂ ಗೋಡೆಗೆ ಅಂಟಿಸಿದೆ.

ಈ ಮನೆಯ ಗೋಡೆಗೆ ನಾನು ಏನನ್ನಾದರೂ ಅಂಟಿಸಿದ್ದು ಇದೇ ಮೊದಲು. ಹದಿನಾಲ್ಕು ವರ್ಷವಾಯಿತು ಇಲ್ಲಿ. ಎರಡು ಕೋಣೆ, ಒಂದು ಕುರ್ಚಿ. ಇನ್ನೊಂದು ಕುರ್ಚಿ ಇತ್ತು, ಅದರ ಮೇಲೆ ಪುಸ್ತಕಗಳು ಕೂತು ಅದು ಈಗ ಕುರ್ಚಿಯಾಗಿ ಉಳಿದಿಲ್ಲ. ಊಟವನ್ನು ಒಲೆಯ ಪಕ್ಕ ನಿಂತೇ ಮುಗಿಸುತ್ತೇನೆ, ಪಾತ್ರೆಯಿಂದಲೇ. ತಟ್ಟೆ ತೊಳೆಯುವ ಕೆಲಸ ತಪ್ಪುತ್ತದೆ ಎಂದು ನನಗೆ ನಾನೇ ಸಬೂಬು ಹೇಳಿಕೊಳ್ಳುತ್ತೇನೆ. ನಿಜವೇನೆಂದರೆ ಒಬ್ಬಳೇ ಕೂತು ಉಣ್ಣುವುದು ನನಗೆ ಆಗುವುದಿಲ್ಲ.

ಮಾರ್ಚ್ ೨೦, ಗುರುವಾರ

ಲ್ಯಾಬಿಗೆ ಕೆಳಮಹಡಿಯ ಸೋಪು ಮೇಷ್ಟ್ರು ಬಂದಿದ್ದರು. ಮೂವತ್ತು ವರ್ಷದಿಂದ ಪೊರೆಗಳ ಮೇಲೇ ಕೆಲಸ ಮಾಡಿದವರು. ಯಾರು ಏನು ತೋರಿಸಿದರೂ "ಸೋಪು ಹಾಕಿ ನೋಡಿದ್ರಾ?" ಎನ್ನುವುದರಿಂದ ಆ ಹೆಸರು. ನನ್ನ ಫಿಲ್ಮನ್ನು ಕಿಟಕಿಗೆ ಹಿಡಿದು ನೋಡಿದರು.

"ಸೋಪು ಹಾಕಿ ನೋಡಿದ್ರಾ?"

"ಇಲ್ಲ ಸರ್. ಯಾಕೆ ನೋಡ್ಬೇಕು?"

"ನಿಮ್ಮ ಸಿಪ್ಪೆ ಪೊರೆಯೊಳಗೆ ನುಗ್ಗತ್ತೆ ಅಂತೀರಿ. ಸೋಪೂ ನುಗ್ಗತ್ತಲ್ಲಮ್ಮ. ಕೋಶ ಸಾಯದಷ್ಟು, ಒಂದೇ ಒಂದು ಚೂರು ಸೋಪು ಹಾಕಿ. ಆಗಲೂ ಪಟ್ಟಿ ಕಪ್ಪಾದ್ರೆ, ನಿಮ್ಮ ಸಿಪ್ಪೇಲಿ ಏನು ವಿಶೇಷ ಬಂತು?"

ನಗುತ್ತಾ ಹೋದರು. ನನಗೆ ಮೈಯೆಲ್ಲಾ ಉರಿಯಿತು. ಉರಿದದ್ದು ಯಾಕೆಂದರೆ ಪ್ರಶ್ನೆ ಸರಿಯಾಗಿತ್ತು. ಹೊಸ ಕೋಶಗಳನ್ನು ಬೆಳೆಸಲು ಇಟ್ಟೆ.

ಮಾರ್ಚ್ ೨೮, ಶುಕ್ರವಾರ

೧೫೨.

"ಪುಟ್ಟಿ, ಸಂಜೆ ಇಂಜೆಕ್ಷನ್ ನಿಲ್ಲಿಸಿದೀನಿ. ಬೆಳಗ್ಗೆದು ಮಾತ್ರ."

"ಅಯ್ಯೋ, ಯಾರನ್ನ ಕೇಳಿ ನಿಲ್ಲಿಸ್ದೆ?"

"ಯಾರನ್ನ ಕೇಳ್ಬೇಕು? ಮನೇಲೇ ಒಬ್ಳು ವಿಜ್ಞಾನಿ ಇರುವಾಗ!"

ಮನೆಯಲ್ಲೇ ಎಂದಳು. ಎಷ್ಟೋ ಹೊತ್ತು ಆ ಒಂದು ಪದವನ್ನೇ ಹಿಡಿದುಕೊಂಡು ಕೂತಿದ್ದೆ. ಡಾಕ್ಟರನ್ನು ಒಂದು ಮಾತು ಕೇಳು ಎಂದು ಹೇಳಿದೆ. ಹೇಳಿದೆ ಅಂದರೆ, ಗಟ್ಟಿಯಾಗಿ ಹೇಳಲಿಲ್ಲ.

ಏಪ್ರಿಲ್ ೪, ಶುಕ್ರವಾರ

ಸೋಪಿನ ತಟ್ಟೆಯ ಪಟ್ಟಿ ಸಿಪ್ಪೆಯದಕ್ಕಿಂತಲೂ ಕಪ್ಪು.

ಮೊದಲು ತಟ್ಟೆಗಳು ಅದಲುಬದಲಾಗಿವೆ ಅಂದುಕೊಂಡೆ. ಚೀಟಿ ನೋಡಿದೆ. ಸರಿಯಾಗಿದೆ. ಇನ್ಸುಲಿನ್ನಿಗೆ ಸಂಬಂಧವೇ ಇಲ್ಲದ ಇನ್ನೆರಡು ಸುದ್ದಿಗಳನ್ನೂ ಪರೀಕ್ಷೆಗೆ ಹಾಕಿದ್ದೆ. ಅವೂ ಏರಿವೆ, ಸಿಪ್ಪೆಯಲ್ಲೂ ಸೋಪಿನಲ್ಲೂ. ಅಲ್ಲಿಗೆ ಮುಗಿಯಿತು. ನನ್ನ ಸಿಪ್ಪೆ ಇನ್ಸುಲಿನ್ನಿನ ಬಾಗಿಲಿಗೆ ಎಣ್ಣೆ ಬಿಟ್ಟಿಲ್ಲ. ಗೋಡೆಯನ್ನೇ ಹಿಡಿದು ಅಲ್ಲಾಡಿಸಿದೆ, ಇದ್ದಬದ್ದ ಬಾಗಿಲೆಲ್ಲಾ ದಡಬಡ ಅಂದಿವೆ, ಅದರಲ್ಲಿ ಒಂದು ಸದ್ದನ್ನು ಮಾತ್ರ ಕೇಳಿಸಿಕೊಂಡು ನಾನು ಕುಣಿದಿದ್ದೇನೆ. ತಟ್ಟೆಗೆ ಹಾಕಿದಷ್ಟು ಪ್ರಮಾಣ ಯಾರೂ ಕುದಿಸಿ ಕುಡಿದು ರಕ್ತಕ್ಕೆ ಸೇರಿಸಿಕೊಳ್ಳಲಾರರು, ಅದೂ ಬೇರೆ.

ಮೇಷ್ಟ್ರಿಗೆ ತೋರಿಸಲು ಕೆಳಗೆ ಹೋದೆ. ನೋಡಿ ನಗಲಿಲ್ಲ. "ಕೂತ್ಕೊಳ್ಳಿ" ಎಂದು ಸ್ಟೂಲು ಎಳೆದರು. "ನಂಗೂ ಹೀಗೇ ಒಂದಾಗಿತ್ತು. ಎಂಟು ವರ್ಷದ ಕೆಲಸ. ಬೇಜಾರು ಮಾಡ್ಕೋಬೇಡಿ ಅಂತ ಹೇಳಲ್ಲ. ಮಾಡ್ಕೊಳ್ಳಿ."

ಕೆಲಸ ಹಾಳಾಗಿದ್ದಕ್ಕೆ ನನಗೆ ಅಷ್ಟು ಬೇಜಾರಿಲ್ಲ ಎಂದು ಅವರಿಗೆ ಹೇಗೆ ಹೇಳಲಿ? ನಾಳೆ ಬೆಳಗ್ಗೆ ಏಳಕ್ಕೆ ಫೋನು ಬರುತ್ತದೆ.

ಏಪ್ರಿಲ್ ೫, ಶನಿವಾರ

ಹೇಳಲಿಲ್ಲ. ೧೩೬ ಅಂತೆ.

ಏಪ್ರಿಲ್ ೭, ಸೋಮವಾರ

ಇವತ್ತು ಹೇಳಿಯೇ ಬಿಡಬೇಕೆಂದು ಒಂದು ಹಾಳೆಯಲ್ಲಿ ಬರೆದು ಇಟ್ಟುಕೊಂಡಿದ್ದೆ. ಮೊದಲ ಸಾಲು: "ಅಕ್ಕ, ಸಿಪ್ಪೆಯಲ್ಲಿ ಏನೂ ಇಲ್ಲ." ಅವಳು ಅಷ್ಟರಲ್ಲಿ ತಾನು ಹೊಲಿಯುತ್ತಿರುವ ಕೋಟಿನ ಕಥೆ ತೆಗೆದಳು. ಗಿರಾಕಿಯ ಹೊಟ್ಟೆ ವಾರ ವಾರಕ್ಕೂ ಬೆಳೆಯುತ್ತಿದೆಯಂತೆ, ಇವಳು ಹೊಲಿಗೆ ಬಿಚ್ಚುತ್ತಲೇ ಇದ್ದಾಳಂತೆ. ನಕ್ಕೂ ನಕ್ಕೂ ನನಗೆ ಕಣ್ಣಲ್ಲಿ ನೀರು ಬಂತು. "ಪುಟ್ಟಿ, ನೀನು ನಗೋದು ಕೇಳಿ ಎಷ್ಟು ವರ್ಷ ಆಯ್ತೇ" ಅಂದಳು. ಹಾಳೆ ಮಡಚಿಟ್ಟೆ.

ಇನ್ನೊಂದು ಸಲ ಪರೀಕ್ಷೆ ಮಾಡಿ ಖಾತ್ರಿಯಾದ ಮೇಲೆ ಹೇಳುವುದು ಸರಿ. ಒಂದೇ ಸಲದ ಫಲಿತಾಂಶವನ್ನು ನಂಬಬಾರದು. ಹೊಸ ಕೋಶಗಳನ್ನು ನಾಳೆಯೇ ಇಟ್ಟರೆ ಇಪ್ಪತ್ತಕ್ಕೆ ಬಲಿಯುತ್ತವೆ. ಹೇಗಿದ್ದರೂ ಅವಳ ಸಂಖ್ಯೆ ಇಳಿಯುತ್ತಲೇ ಇದೆಯಲ್ಲ.

ಏಪ್ರಿಲ್ ೧೪, ಸೋಮವಾರ

೧೧೮. ಗೋಡೆಯ ಮೇಲಿನ ಗೆರೆಗೆ ಅಳತೆಪಟ್ಟಿ ಇಟ್ಟು ನೋಡಿದೆ. ಒಂದು ಚುಕ್ಕೆಯೂ ಆಚೀಚೆ ಇಲ್ಲ. ಇಪ್ಪತ್ತೆರಡು ವರ್ಷದ ಕೆಲಸದಲ್ಲಿ ಇಷ್ಟು ನೆಟ್ಟಗಿನ ಗೆರೆ ಒಂದೂ ಕಂಡಿಲ್ಲ. ಅಕ್ಕ ಹೊಲಿಗೆಯವಳು, ಅವಳ ದೇಹಕ್ಕೂ ಅದೇ ಶಿಸ್ತು ಇರಬಹುದು.

ಹೀಗೆ ಬರೆದದ್ದನ್ನು ಇನ್ನೊಮ್ಮೆ ಓದಿದೆ. ಇದನ್ನು ಯಾವುದಾದರೂ ವಿದ್ಯಾರ್ಥಿ ನನ್ನ ಮುಂದೆ ಹೇಳಿದ್ದರೆ ಗ್ರಹಚಾರ ಬಿಡಿಸುತ್ತಿದ್ದೆ.

ಬೆಳಗಿನದ್ದನ್ನೂ ನಿಲ್ಲಿಸಲಾ ಎಂದು ಕೇಳಿದಳು. "ಬೇಡ ಬೇಡ" ಎಂದು ಕೂಗಿದೆ. ಆಮೇಲೆ ಅವಳೇ ಮಾತು ಬದಲಿಸಿದಳು. ಹತ್ತನೇ ತಾರೀಕು ಹೊಲಿಗೆ ಕೋಣೆಯಲ್ಲಿ ಕಾಲಿಗೆ ಗುಂಡುಪಿನ್ನು ಚುಚ್ಚಿತ್ತಂತೆ. ರಾತ್ರಿ ಚಪ್ಪಲಿ ಬಿಚ್ಚುವಾಗ ನೋಡಿದರೆ ಪಿನ್ನು ಇನ್ನೂ ಬೆರಳಿನ ಬುಡದಲ್ಲೇ ಇತ್ತಂತೆ. "ಗೊತ್ತೇ ಆಗ್ಲಿಲ್ಲ ನೋಡು, ಎಂಥಾ ಚರ್ಮ ನಂದು, ಆನೆ ಚರ್ಮ!" ಎಂದು ನಕ್ಕಳು. ನಾನು ನಗಲಿಲ್ಲ. ಔಷಧಿ ಹಚ್ಚು ಎಂದೆ.

ಏಪ್ರಿಲ್ ೧೯, ಶನಿವಾರ

ಏಳು. ಏಳೂಕಾಲು. ಎಂಟು. ಫೋನಿಲ್ಲ.

ನಾನೇ ಮಾಡಿದೆ. ಮೂರು ಸಲ ಬಡಿದು ಬಡಿದು ನಿಂತಿತು. ಪೇಟೆಗೆ ಹೋಗಿರಬೇಕು. ಯಾರ ಮೇಲೋ ಸಿಟ್ಟು ಬಂದ ಹಾಗೆ ಇಡೀ ದಿನ ಗಾಜಿನ ಸಾಮಾನು ತೊಳೆದೆ.

ಏಪ್ರಿಲ್ ೨೦, ಭಾನುವಾರ

ಬಸ್ಸಿನಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಕುಣಿಯುತ್ತಿವೆ. ಬೆಳಗ್ಗೆ ಹತ್ತಕ್ಕೆ ಲ್ಯಾಬಿನಲ್ಲಿದ್ದೆ. ಭಾನುವಾರ, ನನ್ನನ್ನು ಬಿಟ್ಟರೆ ನರಪಿಳ್ಳೆಯಿಲ್ಲ. ಕೋಶಗಳ ಹನ್ನೆರಡನೇ ದಿನ. ತಟ್ಟೆಗಳನ್ನು ಹೊರಗೆ ತೆಗೆದು ಸಾಲಾಗಿ ಇಟ್ಟಿದ್ದೆ. ಆಗ ಅಕ್ಕನ ಪಕ್ಕದ ಮನೆಯ ಡ್ರೈವರ್ ಫೋನು ಮಾಡಿದರು. "ನೀವು ಟೈಲರಮ್ಮನ ತಂಗೀನಾ? ಅವ್ರು ನಿನ್ನೆಯಿಂದ ಬಾಗಿಲು ತೆಗೆದಿರ್ಲಿಲ್ಲ. ನಾವೇ ಒಡೆದು ಒಳಗೆ ಹೋದ್ವಿ. ಮೈ ಕೆಂಡ, ಕಾಲು ಊದಿದೆ, ಮಾತು ತೊದಲ್ತಿದಾರೆ. ಆಸ್ಪತ್ರೆಗೆ ಸೇರಿಸಿದೀವಿ. ಬೇಗ ಬನ್ನಿ."

ಕೈಗವಸು ಗೇಟಿನ ಹತ್ತಿರ ಬಿಚ್ಚಿದೆ. ಇನ್ನೂ ಮೂರು ಗಂಟೆಯ ದಾರಿ. ಬಸ್ಸು ಯಾಕಿಷ್ಟು ನಿಧಾನ ಹೋಗುತ್ತಿದೆ?

ಏಪ್ರಿಲ್ ೨೧, ಸೋಮವಾರ

ಎಡಗಾಲಿನ ಎರಡು ಬೆರಳು ತೆಗೆದರು. ಇನ್ನೆರಡು ದಿನ ತಡವಾಗಿದ್ದರೆ ಪಾದ ಹೋಗುತ್ತಿತ್ತು ಎಂದರು. ಅದೇ ಕಾಲಿನಿಂದ ಮಷೀನು ತುಳಿದು ನನ್ನ ಕಾಲೇಜಿನ ಪುಸ್ತಕ ಕೊಂಡದ್ದು.

ಡಾಕ್ಟರ್ ಅಕ್ಕನ ಸಕ್ಕರೆ ನೋಡುವ ಮೀಟರನ್ನು ಒತ್ತಿ ಒತ್ತಿ ಹಿಂದಿನ ಲೆಕ್ಕ ತೆಗೆಯುತ್ತಿದ್ದರು. ಹಳೆಯ ಸಂಖ್ಯೆಗಳೆಲ್ಲ ಅದರಲ್ಲಿ ಉಳಿದಿರುತ್ತವೆ. ನಾನು ಅವರ ಭುಜದ ಹಿಂದೆ ನಿಂತು ನೋಡಿದೆ. ಏಪ್ರಿಲ್ ಐದು: ೨೭೧. ಏಳು: ೨೬೬. ಹದಿನಾಲ್ಕು: ೩೧೯.

ನನಗೆ ಹೇಳಿದ್ದು ೧೩೬, ೧೧೮.

"ಇಷ್ಟು ಏರಿದ್ರೂ ಯಾರಿಗೂ ಹೇಳ್ಲಿಲ್ವಾ ಇವ್ರು?" ಎಂದು ಡಾಕ್ಟರ್ ಕೇಳಿದರು. ದಿನಾ ಬೆಳಗ್ಗೆ ಏಳಕ್ಕೆ ಹೇಳುತ್ತಿದ್ದಳು ಎಂದು ಹೇಳಲು ನನ್ನ ನಾಲಗೆ ಏಳಲಿಲ್ಲ. ಮೂರು ಕಾಸಿನ ನನ್ನ ಸಿಪ್ಪೆಗೆ ಅವಮಾನ ಆಗಬಾರದೆಂದು, ದಿನಾ ಕೂತು ಒಂದು ಸುಳ್ಳು ಸಂಖ್ಯೆ ಹೊಲಿದಿದ್ದಾಳೆ. ಗೆರೆ ಯಾಕೆ ಅಷ್ಟು ನೆಟ್ಟಗಿತ್ತು ಎಂದು ಈಗ ಗೊತ್ತಾಯಿತು. ಈಗ ಅಂತ ಯಾಕೆ ಬರೆಯಲಿ, ಅವತ್ತೇ ಗೊತ್ತಿತ್ತು.

ಲ್ಯಾಬಿನಿಂದ ಫೋನು ಬಂದಿತ್ತು. ಹೊರಗೇ ಉಳಿದ ತಟ್ಟೆಗಳಲ್ಲಿ ಕೋಶಗಳೆಲ್ಲಾ ಸತ್ತಿವೆಯಂತೆ. ಎಸೆದುಬಿಡಿ ಎಂದೆ. ಸಂಜೆ ಅಕ್ಕನಿಗೆ ದಿಂಬಿನ ಕವರು ತರಬೇಕು, ಆಸ್ಪತ್ರೆಯದು ಒರಟು.

ಏಪ್ರಿಲ್ ೨೨, ಮಂಗಳವಾರ

ಹೇಳಿದೆ.

ಹಾಸಿಗೆಯ ಪಕ್ಕದ ಸ್ಟೂಲಿನಲ್ಲಿ ಕೂತು, ಅವಳ ಮುಖ ನೋಡದೆ, ಕಂಬಳಿಯ ಅಂಚು ನೋಡುತ್ತಾ ಹೇಳಿದೆ. ಸಿಪ್ಪೆಯಲ್ಲಿ ಏನೂ ಇಲ್ಲ ಅಕ್ಕ. ಸೋಪು ಹಾಕಿದರೂ ಹಾಗೇ ಆಗುತ್ತೆ. ಆ ಪೊರೆಯುತ್ತದೆ ಅನ್ನೋದನ್ನ ನಾನು ಬರೆದೇ ಇಲ್ಲ, ಪತ್ರಿಕೆಯವರ ತಪ್ಪು. ನಿನಗೆ ಇಷ್ಟ ಆಯ್ತು ಅಂತ ಸುಮ್ಮನಿದ್ದೆ.

ಅಕ್ಕ ಕಂಬಳಿಯನ್ನು ಎದೆಯವರೆಗೆ ಎಳೆದುಕೊಂಡಳು. ಆಮೇಲೆ, "ಯಾವತ್ತು ಗೊತ್ತಾಯ್ತು ನಿಂಗೆ?"

"ಏಪ್ರಿಲ್ ನಾಲ್ಕಕ್ಕೆ."

ಬೆರಳು ಮಡಚಿ ಎಣಿಸಿದಳು. ಪಿನ್ನು ಚುಚ್ಚಿದ್ದು ಹತ್ತಕ್ಕೆ. ಆರು ದಿನ. ಅವಳು ಎಣಿಸಿ ಮುಗಿಸಿದ್ದು ನನಗೆ ಗೊತ್ತಾಯಿತು, ನನಗೆ ಗೊತ್ತಾದದ್ದು ಅವಳಿಗೆ ಗೊತ್ತಾಯಿತು. ಮುಖವನ್ನು ಗೋಡೆಗೆ ತಿರುಗಿಸಿದಳು.

ನೀನೂ ಸುಳ್ಳು ಹೇಳಿದೆಯಲ್ಲ, ಮೀಟರ್ ನೋಡಿದೆ ಎನ್ನುವ ಮಾತು ಬಾಯಿಯ ತುದಿಯವರೆಗೆ ಬಂದಿತ್ತು. ನುಂಗಿಕೊಂಡೆ. ಅವಳ ಸುಳ್ಳಿಗೂ ನನ್ನ ಸುಳ್ಳಿಗೂ ಅಜಗಜಾಂತರ. ಅವಳದ್ದು ನನಗಾಗಿ, ನನ್ನದೂ ನನಗಾಗಿಯೇ.

ಏಪ್ರಿಲ್ ೨೪, ಗುರುವಾರ

ಎರಡು ದಿನದಿಂದ ಮಾತಿಲ್ಲ. ನೀರು ಕೊಟ್ಟರೆ ಕುಡಿಯುತ್ತಾಳೆ. ಕೈ ಹಿಡಿಯಲು ಹೋದರೆ ಕಂಬಳಿಯೊಳಗೆ ಸೇರಿಸಿಕೊಳ್ಳುತ್ತಾಳೆ. ನನ್ನ ಎರಡು ಕೋಣೆಯಲ್ಲಿ ಒಬ್ಬಳೇ ಇದ್ದಾಗಲೂ ಇಷ್ಟು ಒಂಟಿ ಅನ್ನಿಸಿರಲಿಲ್ಲ.

ಮಧ್ಯಾಹ್ನ ಆಸ್ಪತ್ರೆಯ ಎದುರಿನ ಡಬ್ಬಿಯಲ್ಲಿ ಲಕೋಟೆ ಹಾಕಿದೆ. ಹಳೆಯದನ್ನು ಹರಿದು ಹೊಸದು ಬರೆದೆ. ವ್ಯಾಕರಣದ ಮಾತೇ ಇಲ್ಲ. "ಈರುಳ್ಳಿ ಸಿಪ್ಪೆಯನ್ನು ನಂಬಿ ಯಾರೂ ಇನ್ಸುಲಿನ್ ಬಿಡಬೇಡಿ. ನನ್ನ ಪ್ರಯೋಗ ತಪ್ಪಾಗಿತ್ತು. ಗೊತ್ತಾದ ಮೇಲೂ ನಾನು ಸುಮ್ಮನಿದ್ದೆ." ಕೆಳಗೆ ಹೆಸರು, ಹುದ್ದೆ. ಇನ್ನೆಷ್ಟು ಮನೆಗಳಲ್ಲಿ ಆ ಕೆಂಪು ನೀರು ಕುದಿಯುತ್ತಿದೆಯೋ. ನಮ್ಮ ಲ್ಯಾಬಿನ ಮುಖ್ಯಸ್ಥರಿಗೂ ಫೋನು ಮಾಡಿ, ಸಿಪ್ಪೆಯ ಮೇಲೆ ಬರೆದ ಸಂಶೋಧನಾ ಲೇಖನ ಹಿಂದಕ್ಕೆ ತೆಗೆದುಕೊಳ್ಳುತ್ತೇನೆ ಎಂದೆ. "ಅವಸರ ಮಾಡ್ಬೇಡಿ, ಕೂತು ಮಾತಾಡೋಣ" ಅಂದರು. ಮಾತಾಡುವುದಕ್ಕೆ ಏನೂ ಇಲ್ಲ ಸರ್ ಎಂದೆ.

ಏಪ್ರಿಲ್ ೨೯, ಮಂಗಳವಾರ

ಇವತ್ತು ಮನೆಗೆ ಕಳಿಸಿದರು. ಹೊರಡುವ ಮೊದಲು ನರ್ಸಮ್ಮ ಫಾರಂ ಹಿಡಿದು ಬಂದರು. ದಪ್ಪ ಕನ್ನಡಕದ, ಗಡಸು ದನಿಯ ಹೆಂಗಸು.

"ದಿನಕ್ಕೆ ಎರಡು ಸಲ ಇಂಜೆಕ್ಷನ್. ಗಾಯಕ್ಕೆ ಬ್ಯಾಂಡೇಜು. ಮನೇಲಿ ನೋಡ್ಕೊಳ್ಳೋರು ಯಾರಿದಾರೆ?"

"ಯಾರೂ ಇಲ್ಲ" ಎಂದಳು ಅಕ್ಕ. ನಾನು ಅವಳ ಚಪ್ಪಲಿ ಹಿಡಿದು ಎರಡೇ ಅಡಿ ದೂರದಲ್ಲಿ ನಿಂತಿದ್ದೆ.

ನರ್ಸಮ್ಮ ನನ್ನ ಕಡೆ ನೋಡಿದರು. "ಇವ್ರು ಯಾರು ಮತ್ತೆ?"

ಅಕ್ಕ ಗೋಡೆಯ ಕಡೆ ತಿರುಗಿದಳು. "ತಂಗಿ" ಎಂದೆ. "ನಾನೇ ನೋಡ್ಕೊತೀನಿ. ರಜಾ ಹಾಕಿದೀನಿ. ಆಮೇಲೂ ನೋಡ್ಕೊತೀನಿ."

"ಇಂಜೆಕ್ಷನ್ ಕೊಡೋಕೆ ಬರತ್ತಾ?"

ಇಪ್ಪತ್ತೆರಡು ವರ್ಷದಿಂದ ದಿನಾ ಇನ್ಸುಲಿನ್ ಅಳೆದು ತಟ್ಟೆಗೆ ಹಾಕಿದವಳು ನಾನು. ಮನುಷ್ಯರಿಗೆ ಒಮ್ಮೆಯೂ ಕೊಟ್ಟಿಲ್ಲ. ಬರಲ್ಲ ಎಂದೆ. "ಹಾಗಾದ್ರೆ ಈಗ್ಲೇ ಕೊಡಿ, ನನ್ನ ಮುಂದೆ" ಎಂದು ಸಿರಿಂಜು ಕೈಗಿತ್ತರು.

ಅಕ್ಕ ಗೋಡೆ ನೋಡುತ್ತಲೇ ಸೆರಗು ಸರಿಸಿ ಹೊಟ್ಟೆಯ ಮಡಿಕೆ ಹಿಡಿದುಕೊಟ್ಟಳು. ಹನ್ನೆರಡು ವರ್ಷದ ಚುಕ್ಕೆಗಳು ಅಲ್ಲಿ, ನೀಲಿ, ಕಂದು. ಚುಚ್ಚಿದೆ. ಸೂಜಿ ಓರೆಯಾಗಿ ಹೋಯಿತು. ಅವಳ ಮೈ ಜುಮ್ಮೆಂದದ್ದು ನನ್ನ ಬೆರಳಿಗೇ ಗೊತ್ತಾಯಿತು.

"ನೋವಾಯ್ತಾ ಅಕ್ಕ?"

ಏನಿಲ್ಲ, ಚೆನ್ನಾಗಿದೀನಿ ಎನ್ನುತ್ತಾಳೆ ಎಂದು ಕಾದೆ. ಅವಳು ಗೋಡೆಯಿಂದ ಮುಖ ತಿರುಗಿಸಿ, ಏಳು ದಿನದ ಮೇಲೆ ಮೊದಲ ಸಲ ನನ್ನನ್ನು ನೋಡಿದಳು. ಕಣ್ಣು ತುಂಬಿದ್ದವು.

"ಆಯ್ತು" ಎಂದಳು. "ತುಂಬಾ ನೋವಾಯ್ತು ಪುಟ್ಟಿ."